ಶಾಲೆಗೆ 60 ವರ್ಷ: ಹಳೆ ವಿದ್ಯಾರ್ಥಿಗಳ ನೆನಪಿನ ಸಂಚಿಕೆ, ಎಲ್ಲಿಂದ ಶುರು ಮಾಡೋದು?

ಬಿಸಿಲೆ ತಿರುವು ಕೇಳಿದ್ದು:

ನಮಸ್ಕಾರ. ಸಕಲೇಶಪುರ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಗೆ ಬರುವ ವರ್ಷ 60 ತುಂಬುತ್ತೆ. ಹಳೆ ವಿದ್ಯಾರ್ಥಿಗಳ ಸಮಾವೇಶದ ದಿನವೇ ಒಂದು ನೆನಪಿನ ಸಂಚಿಕೆ ಬಿಡುಗಡೆ ಮಾಡಬೇಕು ಅಂತ ತೀರ್ಮಾನ ಆಗಿದೆ. ಯಾರು ಎಲ್ಲಿದ್ದಾರೆ ಅನ್ನೋ ಸುದ್ದಿ, ನೆನಪಿನ ಬರಹ, ಗುಂಪು ಫೋಟೋ, ಮೇಷ್ಟ್ರುಗಳ ಪರಿಚಯ, ಅಗಲಿದವರ ಪುಟ, ಇಷ್ಟು ಇರಬೇಕು.

ಸದ್ಯ ಕೈಲಿರೋದು 210 ಜನರ ಒಂದು ವಾಟ್ಸಾಪ್ ಗುಂಪು. ಹೆಚ್ಚಿನವರು 1995ರ ಈಚಿನವರು, ಬೆಂಗಳೂರಲ್ಲಿರೋರು. ಫೋಟೋ ಒಂದು 40 ಸಿಕ್ಕಿವೆ, ಅರ್ಧಕ್ಕೆ ಬೂಷ್ಟು ಹಿಡಿದಿದೆ. ಶಾಲೆಯ ದಾಖಲಾತಿ ಸಂಖ್ಯೆ 4,800 ದಾಟಿದೆ ಅಂತಾರೆ ಮುಖ್ಯ ಶಿಕ್ಷಕರು.

ಉಳಿದವರನ್ನ ಹುಡುಕೋದು ಹೇಗೆ? ಫೋಟೋ ಸರಿ ಮಾಡೋದು ಹೇಗೆ? ಎಷ್ಟು ಪುಟ, ಯಾವ ಕಾಗದ? ಸಂಘ ನೋಂದಣಿ ಮಾಡಿಸಲೇಬೇಕಾ? ಸಮಾವೇಶ ಯಾವ ತಿಂಗಳು ಇಟ್ಟುಕೊಳ್ಳೋದು? ಈ ಕೆಲಸ ಮಾಡಿ ಗೊತ್ತಿರೋರು ಹೇಳಿ.

---

ದಾಖಲಾತಿ ಪುಸ್ತಕ ಬರೆದದ್ದು:

ವಾಟ್ಸಾಪ್ ಗುಂಪನ್ನ ಆಮೇಲೆ ನೋಡೋಣ, ಮೊದಲು ಶಾಲೆಯ ಬೀರು ತೆಗೆಸಿ. ಗುಂಪಲ್ಲಿರೋದು ಒಬ್ಬರ ನಂಬರ್ ಒಬ್ಬರು ಇಟ್ಟುಕೊಂಡಿರೋರು ಮಾತ್ರ. ಎಸ್ಟೇಟ್ ಲೈನ್ ಮನೆಗಳಿಂದ (ತೋಟದ ಕೆಲಸದವರ ಸಾಲುಮನೆ) ಬಂದು ಒಂಬತ್ತನೇ ಕ್ಲಾಸಿಗೇ ಬಿಟ್ಟ ಮಕ್ಕಳು, ಮದುವೆಯಾಗಿ ಹೋದ ಹೆಣ್ಣುಮಕ್ಕಳು, ಎಸ್ಸೆಸ್ಸೆಲ್ಸಿ ಫೇಲಾಗಿ ಮತ್ತೆ ಕಟ್ಟದೇ ಇದ್ದವರು ಅಲ್ಲಿ ಇರಲ್ಲ. ಗುಂಪನ್ನೇ ನಂಬಿದರೆ ಸಂಚಿಕೆ ಕೊನೆಗೆ ಇಂಜಿನಿಯರು, ಡಾಕ್ಟರು, ತಹಸೀಲ್ದಾರರ ಸಾಧನೆ ಪಟ್ಟಿಯಾಗಿ ಕೂರುತ್ತೆ. ಶಾಲೆಗೆ ಸೇರಿದ ಪ್ರತಿಯೊಬ್ಬರ ಹೆಸರೂ ಇರೋದು ದಾಖಲಾತಿ ಪುಸ್ತಕ ಒಂದರಲ್ಲೇ.

ಮುಖ್ಯ ಶಿಕ್ಷಕರಿಗೆ ಲಿಖಿತ ಮನವಿ ಕೊಡಿ, ಎಸ್‌ಡಿಎಂಸಿ (ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಅಧ್ಯಕ್ಷರ ಸಹಿಯೂ ಇರಲಿ. ಶಾಲೆ ನಡುವೆ ಯಾವಾಗಲಾದರೂ ಜೂನಿಯರ್ ಕಾಲೇಜಾಗಿದ್ದು ಆಮೇಲೆ ಪ್ರೌಢಶಾಲಾ ವಿಭಾಗ ಬೇರೆಯಾಗಿದ್ದರೆ ಹಳೇ ಸಂಪುಟಗಳು ಪದವಿಪೂರ್ವ ಕಾಲೇಜಿನ ಪ್ರಾಂಶುಪಾಲರ ಬಳಿ ಉಳಿದಿರೋ ಸಾಧ್ಯತೆ ಹೆಚ್ಚು. ಅಲ್ಲೂ ಒಂದು ಮನವಿ ಕೊಡಬೇಕು. ಪುಸ್ತಕ ಕೊಠಡಿ ಬಿಟ್ಟು ಹೊರಗೆ ಹೋಗಬಾರದು. ಇವತ್ತಿಗೂ ಜನ್ಮದಿನಾಂಕದ ಸರ್ಟಿಫಿಕೇಟಿಗೆ ಅದೇ ಆಧಾರ.

ನಕಲು ಮಾಡೋಕೆ ಇಬ್ಬರು ಬೇಕು, ಒಬ್ಬರು ಓದಬೇಕು, ಇನ್ನೊಬ್ಬರು ಎಕ್ಸೆಲ್‌ನಲ್ಲಿ ಹೊಡೆಯಬೇಕು. ಒಬ್ಬರೇ ಮಾಡಿದರೆ ಸಾಲು ಹಾರುತ್ತೆ, ಒಂದು ಹಾರಿದರೆ ಕೆಳಗಿನದೆಲ್ಲ ತಪ್ಪು. ಐದೇ ಕಾಲಂ ಸಾಕು: ದಾಖಲಾತಿ ಸಂಖ್ಯೆ, ಹೆಸರು, ಊರು, ಸೇರಿದ ದಿನಾಂಕ ಮತ್ತು ತರಗತಿ, ಬಿಟ್ಟ ದಿನಾಂಕ. ಜಾತಿ, ಜನ್ಮದಿನಾಂಕ, ತಂದೆಯ ಕಸುಬು ಮುಟ್ಟಲೇಬೇಡಿ. ನಕಲು ಮಾಡಿಟ್ಟರೆ ಇವತ್ತಲ್ಲ ನಾಳೆ ಯಾರೋ ಹಂಚುತ್ತಾರೆ. (ಜನ್ಮದಿನದ ಶುಭಾಶಯದ ಪುಟ ಅಂತ ಯಾರಾದರೂ ಐಡಿಯಾ ಕೊಟ್ಟರೆ ನಕ್ಕು ಸುಮ್ಮನಾಗಿ. ಆ ಕಾಲದ ಮೇಷ್ಟ್ರುಗಳ ಕೃಪೆಯಿಂದ ಊರಿಗೆ ಊರೇ ಜೂನ್ 1ಕ್ಕೆ ಹುಟ್ಟಿರುತ್ತೆ.) ಒಂದು ಜೋಡಿ ಗಂಟೆಗೆ 80ರಿಂದ 100 ಹೆಸರು ಇಳಿಸಬಹುದು. 4,800ಕ್ಕೆ ಹತ್ತಿರ ಹತ್ತಿರ 50ರಿಂದ 60 ಗಂಟೆ. ಎರಡು ಜೋಡಿ ಕೂತರೆ ನಾಲ್ಕೈದು ಭಾನುವಾರದ ಕೆಲಸ.

ಎಡವೋದು ಎಲ್ಲಿ ಅಂದರೆ, ಟಿ.ಸಿ. ತಗೊಂಡು ಹೋಗಿ ವಾಪಸ್ ಬಂದ ಮಗುವಿಗೆ ಎರಡು ಸಂಖ್ಯೆ ಇರುತ್ತೆ. ಹೆಸರು, ಊರು ಎರಡೂ ಒಂದೇ ಇದ್ದರೆ ಪರೀಕ್ಷಿಸಿ. ಹಾಸನ ಸೀಮೆಯಲ್ಲಿ ಮೊದಲ ಇನಿಶಿಯಲ್ ಬಹುಪಾಲು ಊರಿನದು, ಎರಡನೇದು ತಂದೆಯದು. ಆದ್ದರಿಂದ 'ಎಚ್.ಎಸ್.' ಮಂಜುನಾಥರು ಒಂದೇ ಕ್ಲಾಸಲ್ಲಿ ಮೂವರು ಸಿಗಬಹುದು. ಊರಿನ ಕಾಲಂ ಬೇಕು ಅಂದಿದ್ದು ಅದಕ್ಕೇ. ಗೊರೂರು ಅಣೆಕಟ್ಟಾದ ಮೇಲೆ ಹೇಮಾವತಿ ಹಿನ್ನೀರಲ್ಲಿ ಮುಳುಗಿದ ಊರಿನ ಹೆಸರುಗಳೂ ಹಳೇ ಪುಟಗಳಲ್ಲಿ ಬರುತ್ತವೆ. ಅವನ್ನ 'ತಪ್ಪು' ಅಂತ ತಿದ್ದಬೇಡಿ, ಇದ್ದ ಹಾಗೇ ಇಡಿ. ಆ ಮನೆಗಳವರನ್ನ ಹುಡುಕಬೇಕಾದ್ದು ಪುನರ್ವಸತಿಯಾದ ಊರುಗಳಲ್ಲಿ.

'ಬ್ಯಾಚ್' ಅನ್ನೋ ಪದಕ್ಕೆ ಮೊದಲೇ ಒಂದು ಅರ್ಥ ಗೊತ್ತುಮಾಡಿಕೊಳ್ಳಿ. 1987–88ರಲ್ಲಿ ಹತ್ತನೇ ಕ್ಲಾಸಲ್ಲಿ ಕೂತವರಲ್ಲಿ ಕೆಲವರು 87ರ ಬ್ಯಾಚ್ ಅಂತಾರೆ, ಕೆಲವರು 88 ಅಂತಾರೆ. ಪರೀಕ್ಷೆ ಬರೆದ ಮಾರ್ಚ್ ತಿಂಗಳ ವರ್ಷ ಹಿಡೀರಿ. ಹತ್ತಕ್ಕೆ ಮುಂಚೆ ಬಿಟ್ಟವರನ್ನ ಅವರ ಜತೆಯವರು ಯಾವ ಮಾರ್ಚಲ್ಲಿ ಬರೆದರೋ ಆ ಬ್ಯಾಚಿಗೇ ಸೇರಿಸಿ. ಅವರಿಗಾಗಿ ಬೇರೆ ಪಟ್ಟಿ ಬೇಡ.

ಹೆಣ್ಣುಮಕ್ಕಳ ವಿಷಯ. ಪಟ್ಟಿ ಕೈಗೆ ಬಂದ ಮೇಲೆ ಊರಿಗೊಬ್ಬರು ಜವಾಬ್ದಾರಿ ತಗೊಂಡು, ಗೌರಿ ಹಬ್ಬದ ವಾರ ಮತ್ತು ಊರ ಜಾತ್ರೆ ದಿನ ತವರುಮನೆಗಳಿಗೆ ಹೋಗಿ. ಬಾಗಿನ ತಗೊಳ್ಳೋಕೆ ಬಂದಿರ್ತಾರೆ, ಬರದಿದ್ದರೂ ಅತ್ತಿಗೆ ಹತ್ರ ನಂಬರ್ ಇರುತ್ತೆ. ಉಳಿದ 11 ತಿಂಗಳು ಫೋನಲ್ಲಿ ಹುಡುಕಿದರೂ ಅಷ್ಟು ಜನ ಸಿಗಲ್ಲ. ಪಟ್ಟಿಯಲ್ಲಿ ಶಾಲೆಯಲ್ಲಿದ್ದ ಹೆಸರು ಮೊದಲು, ಈಗಿನ ಹೆಸರು ಅದರ ಪಕ್ಕ. ತಿರುಗಾಮುರುಗಾ ಮಾಡಿದರೆ ಗೆಳತಿಯರಿಗೇ ಗುರುತು ಸಿಗಲ್ಲ.

---

ನೆಗೆಟಿವ್ ಡಬ್ಬಿ ಬರೆದದ್ದು:

ಫೋಟೋ ಬಗ್ಗೆ ಹೇಳ್ತೀನಿ. ಬೂಷ್ಟು ಹಿಡಿದ ಫೋಟೋನ ಒದ್ದೆ ಬಟ್ಟೆಯಲ್ಲಿ ಒರೆಸೋರಿದ್ದಾರೆ, ದಯವಿಟ್ಟು ತಡೀರಿ. ಫೋಟೋ ಮೇಲ್ಮೈ ಜೆಲಾಟಿನ್ ಪದರ, ಬೂಷ್ಟು ಅದನ್ನೇ ತಿಂದು ಬೆಳೆಯೋದು. ತಿಂದ ಜಾಗ ನೀರು ಸೋಕಿದರೆ ಕರಗಿ ಮುಖವೇ ಎದ್ದು ಬರುತ್ತೆ. ಮೊದಲು ಫೋಟೋನ ಸಿಲಿಕಾ ಜೆಲ್ ಪೊಟ್ಟಣಗಳ ಜತೆ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ ನಾಲ್ಕೈದು ದಿನ ಇಟ್ಟು ಒಣಗಿಸಿ. ಆಮೇಲೆ ಮನೆಯ ಹೊರಗೆ, ಮೂಗಿಗೆ ಮಾಸ್ಕ್ ಹಾಕ್ಕೊಂಡು, ಒಣಗಿದ ಮೆತ್ತನೆ ಬ್ರಷ್ಷಿಂದ ನಡುವಿನಿಂದ ಅಂಚಿಗೆ ಸರಿಸಿ. ಹೋಗದೆ ಉಳಿದ ಕಲೆ ಹಾಗೇ ಇರಲಿ, ಸ್ಕ್ಯಾನ್ ಆದ ಮೇಲೆ ಕಂಪ್ಯೂಟರಲ್ಲಿ ತೆಗೀಬಹುದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಿಮ್ಮ ಕಡೆ ಈ ಕೆಲಸ ಇಟ್ಟುಕೊಳ್ಳಬೇಡಿ, ಒಣಗಿಸಿದ್ದು ಸಂಜೆಗೆ ಮತ್ತೆ ತೇವ ಎಳೆಯುತ್ತೆ.

ಫ್ರೇಮಿನ ಗಾಜಿಗೆ ಅಂಟಿದ ಫೋಟೋ ಕೀಳಬೇಡಿ. ಗಾಜಿನ ಸಮೇತ ಸ್ಕ್ಯಾನರ್ ಮೇಲಿಡಿ. ಹಿಡಿಸದಿದ್ದರೆ ಕಿಟಕಿ ಪಕ್ಕದ ನೆರಳಲ್ಲಿ ಮಲಗಿಸಿ, ಫ್ಲ್ಯಾಷ್ ಆರಿಸಿ, ಮೊಬೈಲನ್ನ ಫೋಟೋಗೆ ಸರಿ ಸಮಾನಾಂತರವಾಗಿ ಹಿಡಿದು ತೆಗೀರಿ. ಮೋಡದ ದಿನದ ಬೆಳಕು ಇದಕ್ಕೆ ಒಳ್ಳೇದು.

ಸ್ಕ್ಯಾನ್ 600 ಡಿಪಿಐ (ಇಂಚಿಗೆ 600 ಚುಕ್ಕಿ), ಟಿಫ್ ಫೈಲ್, ಕಪ್ಪು-ಬಿಳುಪಾದರೂ ಬಣ್ಣದ ಮೋಡಿನಲ್ಲೇ. ಕಲೆ ಯಾವುದು, ಚಿತ್ರ ಯಾವುದು ಅಂತ ಬಿಡಿಸೋಕೆ ಬಣ್ಣದ ಮಾಹಿತಿ ಬೇಕಾಗುತ್ತೆ. 10×12 ಇಂಚಿನ ಗುಂಪು ಫೋಟೋ 6000×7200 ಪಿಕ್ಸೆಲ್, ಸುಮಾರು 130 ಎಂಬಿ ಬರುತ್ತೆ, ಹೆದರಬೇಡಿ. ದಪ್ಪ ರಟ್ಟಿಗೆ ಅಂಟಿಸಿದ ಫೋಟೋ ಆದರೆ ರಟ್ಟಿನ ಅಂಚನ್ನೂ ಹಿಂಬದಿಯನ್ನೂ ಸ್ಕ್ಯಾನ್ ಮಾಡಿ. ಸ್ಟುಡಿಯೋ ಮುದ್ರೆ, ಪೆನ್ಸಿಲಲ್ಲಿ ಬರೆದ ವರ್ಷ ಇರೋದು ಅಲ್ಲೇ. ವಾಟ್ಸಾಪಲ್ಲಿ ಬಂದ ಫೋಟೋ ಮಾಮೂಲಿ ಕಳಿಸಿದ್ದಾದರೆ ಉದ್ದ ಬದಿ ಸುಮಾರು 1600 ಪಿಕ್ಸೆಲಿಗೆ ಇಳಿದಿರುತ್ತೆ. ಅಚ್ಚಿನಲ್ಲಿ ಐದು ಇಂಚು ದಾಟಿದರೆ ಮಸುಕು. ಸ್ಕ್ಯಾನ್ ಫೈಲನ್ನ 'ಡಾಕ್ಯುಮೆಂಟ್' ಅಂತ ಕಳಿಸೋಕೆ ಹೇಳಿ.

ಇನ್ನು ಹೆಸರು ಗುರುತಿಸೋದು. ಫೋಟೋನ ಗುಂಪಿಗೆ ಹಾಕಿ 'ಯಾರ್ಯಾರು ಹೇಳಿ' ಅಂತ ಕೇಳೋದೇ ದೊಡ್ಡ ತಪ್ಪು. ಮೊದಲು ಯಾರು ಏನು ಹೇಳ್ತಾರೋ ಉಳಿದವರೆಲ್ಲ ಹೂಂಗುಟ್ಟುತ್ತಾರೆ. ದೊಡ್ಡ ಪ್ರಿಂಟ್ ತೆಗೆಸಿ ಪ್ರತಿ ತಲೆಗೂ ಸಂಖ್ಯೆ ಹಾಕಿ, ಬೇರೆ ಬೇರೆ ಊರಲ್ಲಿರೋ ಮೂವರಿಗೆ ಪ್ರತ್ಯೇಕವಾಗಿ ಕೊಡಿ. ಇಬ್ಬರ ಉತ್ತರ ಕೂಡಿ ಬಂದರೆ ಹೆಸರು ಹಾಕಿ. ಬರದಿದ್ದರೆ 'ಹೆಸರು ತಿಳಿದಿಲ್ಲ' ಅಂತಲೇ ಅಚ್ಚಾಗಲಿ. ಬಿಡುಗಡೆ ದಿನ ಯಾರೋ ಬಂದು ಹೇಳ್ತಾರೆ.

ನೆಗೆಟಿವ್‌ನಿಂದ ಸ್ಕ್ಯಾನ್ ಮಾಡಿಸಿದ್ದರೆ ಎಡಬಲ ಅದಲುಬದಲಾಗಿರಬಹುದು, ಆಗ 'ಎಡದಿಂದ ಬಲಕ್ಕೆ' ಪಟ್ಟಿ ಪೂರ್ತಿ ಉಲ್ಟಾ. ಟೀಚರ್ ಸೆರಗು ಅವರ ಎಡ ಹೆಗಲ ಮೇಲಿದೆಯಾ, ಮೇಷ್ಟ್ರ ಶರ್ಟಿನ ಎಡಪಟ್ಟಿ ಬಲಪಟ್ಟಿಯ ಮೇಲೆ ಬಂದಿದೆಯಾ ನೋಡಿ. ವರ್ಷ ಗೊತ್ತಿಲ್ಲದಿದ್ದರೆ ಕುರ್ಚಿಯಲ್ಲಿ ಕೂತ ಶಿಕ್ಷಕರನ್ನ ಹಿಡೀರಿ. ಶಿಕ್ಷಕರ ಹಾಜರಿ ಪುಸ್ತಕದಲ್ಲಿ ಯಾರು ಯಾವ ತಿಂಗಳು ವರ್ಗವಾಗಿ ಬಂದರು, ಹೋದರು ಅನ್ನೋದು ಸಿಗುತ್ತೆ. ಮೂವರು ಶಿಕ್ಷಕರು ಒಟ್ಟಿಗೆ ಇದ್ದ ಅವಧಿ ಸಾಮಾನ್ಯವಾಗಿ ಒಂದೆರಡು ವರ್ಷಕ್ಕೆ ಇಳಿಯುತ್ತೆ. ಹಿಂದಿನ ಬೋರ್ಡಿನಲ್ಲಿ 'ಮೈಸೂರು ರಾಜ್ಯ' ಅಂತಿದ್ದರೆ 1973ರ ನವೆಂಬರ್ 1ಕ್ಕೆ ಮುಂಚಿನದು ಅಂತ ಕಣ್ಣುಮುಚ್ಚಿ ಬರೆಯಬೇಡಿ. ರಾಜ್ಯದ ಹೆಸರು ಬದಲಾದರೂ ಬೋರ್ಡಿಗೆ ಬಣ್ಣ ಹೊಡೆಯೋಕೆ ವರ್ಷಗಟ್ಟಲೆ ಹಿಡಿದಿರುತ್ತೆ.

---

ಮೂಡಿಗೆರೆ ಮಳೆ ಬರೆದದ್ದು:

ತಿಂಗಳ ಪ್ರಶ್ನೆಗೆ. ಡಿಸೆಂಬರ್, ಜನವರಿ ಬೇಡ. ಅರೇಬಿಕಾ ಕುಯ್ಲು, ಅದು ಮುಗಿಯೋಷ್ಟರಲ್ಲಿ ರೋಬಸ್ಟಾ, ಕಣದಲ್ಲಿ ಕಾಫಿ ಹರಡಿಟ್ಟು ತೋಟದವರೂ ಬರಲ್ಲ, ಕೆಲಸದವರೂ ಬರಲ್ಲ. ಫೆಬ್ರವರಿ, ಮಾರ್ಚ್ ಅಂದರೆ ರೋಬಸ್ಟಾ ಜತೆ ಮೆಣಸು, ಶಾಲೆಯಲ್ಲಿ ಪರೀಕ್ಷೆ. ಜುಲೈ, ಆಗಸ್ಟಲ್ಲಿ ಶಿರಾಡಿ ಯಾವತ್ತು ಕುಸಿಯುತ್ತೋ ಗೊತ್ತಿಲ್ಲ, ಮಂಗಳೂರು ಕಡೆಯವರನ್ನ ಕಳಕೊಳ್ತೀರಿ. ದೀಪಾವಳಿ ಆಸುಪಾಸು ಹಾಸನಾಂಬೆ ಬಾಗಿಲು ತೆಗೆದಿರ್ತಾರೆ, ಹಾಸನದಲ್ಲಿ ಲಾಡ್ಜ್ ರೂಮೂ ಸಿಗಲ್ಲ, ಬಸ್ಸೂ ಖಾಲಿ ಇರಲ್ಲ.

ಉಳಿಯೋದು ಮೇ ಮೊದಲೆರಡು ಭಾನುವಾರ. ಶಾಲೆಗೆ ರಜೆ, ಕೊಠಡಿ ಖಾಲಿ, ಬೆಂಗಳೂರಿನವರು ಮಕ್ಕಳ ಜತೆ ಊರಲ್ಲಿರ್ತಾರೆ. ಪಂಚಾಂಗ ನೋಡಿ ದೊಡ್ಡ ಮದುವೆ ಲಗ್ನ ಇರೋ ದಿನ ಬಿಡಿ. ಮಧ್ಯಾಹ್ನ ಮೂರಕ್ಕೆ ಮುಗಿಸಿ, ಆಮೇಲೆ ಗುಡುಗು ಮಳೆ ಬಂದೇ ಬರುತ್ತೆ, ಬಟ್ಟೆ ಶಾಮಿಯಾನ ನಂಬೋ ಹಾಗಿಲ್ಲ, ಶೀಟ್ ಹಾಕಿಸಿ. ರಜೆಯಲ್ಲಿ ಶಾಲಾ ಆವರಣ ಬಳಸೋಕೆ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಮುಖ್ಯ ಶಿಕ್ಷಕರ ಮೂಲಕ ಪತ್ರ ಹೋಗಲಿ, ಏಪ್ರಿಲ್ ಮೊದಲ ವಾರದೊಳಗೆ.

ಸಂಘ ನೋಂದಣಿ: ಒಂದು ಸಂಚಿಕೆಗೋಸ್ಕರ ಬೇಡ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಪ್ರಕಾರ ಏಳು ಜನ ಸೇರಿ ಜ್ಞಾಪನಾ ಪತ್ರ, ಬೈಲಾ ಕೊಟ್ಟು ಜಿಲ್ಲಾ ಸಂಘಗಳ ನೋಂದಣಾಧಿಕಾರಿ ಹತ್ರ ಮಾಡಿಸೋದೇನೋ ಸುಲಭ. ಆಮೇಲೆ ವರ್ಷ ವರ್ಷ ಸರ್ವ ಸದಸ್ಯರ ಸಭೆ, ಆಡಿಟ್ ಆದ ಲೆಕ್ಕ, ಪದಾಧಿಕಾರಿಗಳ ಪಟ್ಟಿ ಸಲ್ಲಿಸಬೇಕು. ಮೂರನೇ ವರ್ಷಕ್ಕೆ ಕಾರ್ಯದರ್ಶಿ ಬೆಂಗಳೂರಿಗೆ ಹೋದರೆ ಅಲ್ಲಿಗೆ ನಿಂತುಹೋಗುತ್ತೆ. ಪ್ರತಿ ವರ್ಷ ಶಾಲೆಗೆ ಏನಾದರೂ ಮಾಡೋ ಉದ್ದೇಶ, ಲೆಕ್ಕ ನೋಡೋ ಮನುಷ್ಯ ಎರಡೂ ಇದ್ದರೆ ಮಾತ್ರ ಮಾಡಿಸಿ. ಇಲ್ಲದಿದ್ದರೆ ಅಚ್ಚಿನ ಖರ್ಚನ್ನ ಬ್ಯಾಚಿನವರೇ ನೇರ ಪ್ರೆಸ್ಸಿಗೆ ಕಟ್ಟಿ ರಸೀದಿ ಇಟ್ಟುಕೊಳ್ಳಲಿ. ಶಾಲೆಗೆ ಕೊಡೋದು ವಸ್ತು ರೂಪದಲ್ಲಿರಲಿ, ದಾಸ್ತಾನು ಪುಸ್ತಕದಲ್ಲಿ ಏರಿಸಿ ಸಹಿ ಪಡೀರಿ. ಒಬ್ಬರ ಸ್ವಂತ ಫೋನ್‌ಪೇಗೆ ಎಲ್ಲರ ಹಣ ಬಂತು ಅಂದರೆ ಜಗಳಕ್ಕೆ ದಾರಿ.

---

ಪ್ರೂಫ್ ಅಕ್ಕ ಬರೆದದ್ದು:

ಪುಟದ ಲೆಕ್ಕ ಹೆಸರಿನ ಪಟ್ಟಿಯಿಂದ ಶುರು ಮಾಡಿ. ಎ4 ಪುಟ, ಮೂರು ಕಾಲಂ, 9 ಪಾಯಿಂಟ್ ಅಕ್ಷರ, 14 ಪಾಯಿಂಟ್ ಸಾಲಂತರ. ಇದಕ್ಕಿಂತ ಒತ್ತಿದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ಬಡಿಯುತ್ತೆ. ಕಾಲಂಗೆ 45 ಸಾಲು ಅಂದರೆ ಪುಟಕ್ಕೆ 135 ಹೆಸರು, 4,800ಕ್ಕೆ 36 ಪುಟ. ಬರಹ ಮತ್ತು ಶಾಲೆಯ ಇತಿಹಾಸಕ್ಕೆ 44. ಈ 80 ಪುಟ, ಅಂದರೆ 16 ಪುಟದ ಐದು ಫಾರಂ (ಒಟ್ಟಿಗೆ ಅಚ್ಚಾಗಿ ಮಡಿಸಿದ ಪುಟಗಳ ಕಟ್ಟು), 70 ಜಿಎಸ್‌ಎಂ ಮ್ಯಾಪ್ಲಿತೋದಲ್ಲಿ (ಹೊಳಪಿಲ್ಲದ ಮಾಮೂಲಿ ಪುಸ್ತಕದ ಕಾಗದ; ಜಿಎಸ್‌ಎಂ ಅಂದರೆ ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂ ಲೆಕ್ಕದಲ್ಲಿ). ಫೋಟೋಗಳಿಗೆ ಒಂದು ಫಾರಂ 130 ಜಿಎಸ್‌ಎಂ ಆರ್ಟ್ ಪೇಪರ್. ರಕ್ಷಾಪುಟ 300 ಜಿಎಸ್‌ಎಂ ಆರ್ಟ್ ಬೋರ್ಡ್, ಮ್ಯಾಟ್ ಲ್ಯಾಮಿನೇಶನ್. ಒಟ್ಟು 96 ಪುಟ, ಪರ್ಫೆಕ್ಟ್ ಬೈಂಡಿಂಗ್ (ಬೆನ್ನಿಗೆ ಗೋಂದು ಹಾಕಿ ಅಂಟಿಸೋದು). ಇಷ್ಟು ದಪ್ಪಕ್ಕೆ ಸೆಂಟರ್ ಪಿನ್ ಹಾಕಿಸಿದರೆ ಒಳಗಿನ ಪುಟಗಳು ಹೊರಗೆ ಚಾಚಿ, ಕತ್ತರಿಸುವಾಗ ಅಂಚಿನ ಅಕ್ಷರ ಹೋಗುತ್ತೆ. 300 ಪ್ರತಿಯೊಳಗೆ ಡಿಜಿಟಲ್ ಸಾಕು, 500 ದಾಟಿದರೆ ಆಫ್‌ಸೆಟ್ ಗಿಟ್ಟುತ್ತೆ. 1980ರ ದಶಕದ ಬಣ್ಣದ ಫೋಟೋಗಳು ಕೆಂಪಗೆ ತಿರುಗಿರ್ತವೆ, ತಿದ್ದೋಕೆ ಬರದಿದ್ದರೆ ಕಪ್ಪು-ಬಿಳುಪು ಮಾಡಿ ಹಾಕಿ.

ಫಾಂಟಿನ ಗಲಾಟೆ ಮೊದಲೇ ತೀರಿಸಿ. ಎಲ್ಲರೂ ಮೊಬೈಲಲ್ಲಿ ಯೂನಿಕೋಡಲ್ಲಿ ಬರೆದು ಕಳಿಸ್ತಾರೆ. ನಿಮ್ಮ ಊರಿನ ಪ್ರೆಸ್ ಪೇಜ್‌ಮೇಕರಲ್ಲಿ ನುಡಿ ತಂತ್ರಾಂಶದ ಹಳೇ, ಯೂನಿಕೋಡ್ ಅಲ್ಲದ ಫಾಂಟ್ ಇಟ್ಟುಕೊಂಡು ಕೂತಿದ್ದರೆ ಎಲ್ಲವನ್ನೂ ಪರಿವರ್ತಿಸಬೇಕು, ಪೇಜ್‌ಮೇಕರಿಗೆ ಯೂನಿಕೋಡ್ ಬರಲ್ಲ. ಪರಿವರ್ತನೆಯಲ್ಲಿ ಕೆಡೋದು ಅರ್ಕಾವತ್ತು, ಎರಡು ಒತ್ತು ಇರೋ ಅಕ್ಷರ, ಇಂಗ್ಲಿಷ್ ಅಂಕಿ ಮತ್ತು ಆವರಣ ಚಿಹ್ನೆ. ಹೆಸರಿನ ಪಟ್ಟಿಯಲ್ಲಿ ಇವೇ ಜಾಸ್ತಿ: ಕೀರ್ತಿ, ಪಾರ್ವತಿ, ಲಕ್ಷ್ಮಿ. ಆದ್ದರಿಂದ ಇನ್‌ಡಿಸೈನ್‌ನಲ್ಲಿ ಯೂನಿಕೋಡಲ್ಲೇ ಪುಟ ಕಟ್ಟೋರನ್ನ ಹುಡುಕಿ, ಪ್ಯಾರಾ ಸೆಟ್ಟಿಂಗಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಆರಿಸಿರಬೇಕು, ಇಲ್ಲದಿದ್ದರೆ ಒತ್ತು ಒಡೆದು ಪಕ್ಕಕ್ಕೆ ಬೀಳುತ್ತೆ. ಪ್ರೆಸ್ಸಿಗೆ ಪಿಡಿಎಫ್ ಮಾತ್ರ ಕೊಡಿ. ಎರಡು ಸುತ್ತು ಪ್ರೂಫ್, ಪ್ರತಿ ಬ್ಯಾಚಿನ ಪುಟಕ್ಕೆ ಆ ಬ್ಯಾಚಿನ ಒಬ್ಬರ ಸಹಿ. ಕೊನೇ ಪ್ರೂಫ್ ಆದ ಮೇಲೆ ನಾಲ್ಕು ವಾರ ಅಂತರ ಇಟ್ಟುಕೊಳ್ಳಿ.

ಬರಹ ಕೇಳೋ ರೀತಿ ಬಗ್ಗೆ ಒಂದು ಮಾತು. 'ನಿಮ್ಮ ಶಾಲಾ ದಿನಗಳ ನೆನಪು ಬರೆಯಿರಿ' ಅಂದರೆ ಐವತ್ತು ಜನ ಒಂದೇ ಲೇಖನ ಬರೀತಾರೆ, 'ಆ ದಿನಗಳು ಮತ್ತೆ ಬಾರವು' ಅಂತ ಮುಗಿಸ್ತಾರೆ. ಪ್ರಶ್ನೆ ಕಳಿಸಿ. ಎಷ್ಟು ಮೈಲಿ ನಡೀತಿದ್ರಿ, ಯಾವ ಹಳ್ಳ, ಕಾಲುಸಂಕ ಯಾರು ಕಟ್ಟುತ್ತಿದ್ದರು? ಮಳೆಗೆ ಕಂಬಳಿ ಕೊಪ್ಪೆಯೋ ಗೊರಬೆಯೋ ಪ್ಲಾಸ್ಟಿಕ್ಕೋ? ಗಂಟೆ ಅಂತ ತೂಗಿಬಿಟ್ಟಿದ್ದು ರೈಲು ಕಂಬಿಯ ತುಂಡಾ, ಬಾರಿಸ್ತಿದ್ದವರ ಹೆಸರೇನು? ಪ್ರಯೋಗಾಲಯದ ಬೀರುವಿನಲ್ಲಿ ಏನೇನಿತ್ತು? ಉತ್ತರ 300 ಪದ ದಾಟದಿರಲಿ. ಬರೆಯೋಕೆ ಬರದವರ ಮಾತನ್ನ ರೆಕಾರ್ಡ್ ಮಾಡಿ ಅವರ ಮಾತಲ್ಲೇ ಅಚ್ಚು ಹಾಕಿ, ಗ್ರಾಂಥಿಕಕ್ಕೆ ತಿದ್ದಿ ಕೊಲ್ಲಬೇಡಿ.

---

ಕುದುರೆಮುಖ ಕಾಲೋನಿ ಬರೆದದ್ದು:

ದಾಖಲಾತಿ ಪುಸ್ತಕದವರ ಮಾತಿಗೆ ಒಂದು ಸೇರ್ಪಡೆ. ಊರೇ ಖಾಲಿಯಾದ ಕಡೆ ತವರುಮನೆ ದಾರಿ ನಡೆಯಲ್ಲ. ಕುದುರೆಮುಖದಲ್ಲಿ 2005ರ ಕೊನೆಗೆ ಗಣಿ ನಿಂತ ಮೇಲೆ ಮನೆಗಳೇ ಚೆದುರಿಹೋದವು. ಇಂಥ ಕಡೆ ತಂದೆ ತಾಯಿ ಕೆಲಸ ಮಾಡಿದ ವಿಭಾಗದ ಹಳೇ ಸಹೋದ್ಯೋಗಿಗಳ ಬಳಗ ಹಿಡಿದರೆ ಮಕ್ಕಳು ಸಿಗ್ತಾರೆ. ಎಸ್ಟೇಟ್ ಲೈನ್ ಮಕ್ಕಳಿಗೂ ಇದೇ ದಾರಿ, ತೋಟದ ರೈಟರನ್ನ (ಲೆಕ್ಕ, ಹಾಜರಿ ಬರೆಯೋರನ್ನ) ಕೇಳಿ.

ಆದರೆ ನನ್ನ ಪ್ರಕಾರ ಫೋನ್ ನಂಬರ್ ಇಲ್ಲದ ಪಟ್ಟಿ ದಂಡ. ಎಲ್ಲರ ನಂಬರೂ ಅಚ್ಚು ಹಾಕಬೇಕು.

---

ದಾಖಲಾತಿ ಪುಸ್ತಕ ಬರೆದದ್ದು:

ಒಪ್ಪಲ್ಲ. ಪುಸ್ತಕ ಬಿಡುಗಡೆಯಾದ ವಾರಕ್ಕೇ ಅದರ ಪಿಡಿಎಫ್ ಎಲ್ಲೆಲ್ಲೋ ಓಡಾಡುತ್ತೆ, ಚೀಟಿ ಕಂಪನಿ, ಸೈಟು ಮಾರೋರು, ಮೋಸದ ಕರೆ ಎಲ್ಲ ಶುರು. ಹೆಣ್ಣುಮಕ್ಕಳಂತೂ ನಂಬರ್ ಹಾಕ್ತೀವಿ ಅಂದ ತಕ್ಷಣ ಹೆಸರೇ ಬೇಡ ಅಂತಾರೆ. ಈಗಿನ ಊರು ಮತ್ತು ಕೆಲಸ, ಅದೂ ಅವರು ಫಾರಂನಲ್ಲಿ ಒಪ್ಪಿ ಸಹಿ ಹಾಕಿದ್ದರೆ. ಬ್ಯಾಚಿಗೊಬ್ಬರ ನಂಬರ್ ಅವರ ಒಪ್ಪಿಗೆ ಪಡೆದು ಹಾಕಿ, ಉಳಿದವರು ಅವರ ಮೂಲಕ ಸಿಗಲಿ.

ಅಗಲಿದವರ ಪುಟಕ್ಕೂ ಇಷ್ಟೇ ಬಿಗಿ ಬೇಕು. ಮನೆಯವರೊಬ್ಬರು ಖಚಿತ ಮಾಡದೆ ಒಂದು ಹೆಸರೂ ಹೋಗಬಾರದು. 'ಅವರು ತೀರಿಕೊಂಡರಂತೆ' ಅನ್ನೋ 'ಅಂತೆ' ಒಂದೇ ಹೆಸರಿನ ಇನ್ನೊಬ್ಬರದ್ದಾಗಿರುತ್ತೆ, ಬದುಕಿರೋ ಮನುಷ್ಯ ಸಮಾವೇಶಕ್ಕೆ ಬಂದು ತನ್ನ ಹೆಸರಿಗೆ ಹಾರ ಹಾಕಿರೋದು ನೋಡ್ತಾನೆ. ಸಾವಿನ ಕಾರಣ ಬರೆಯಬೇಡಿ, ವರ್ಷ ಸಾಕು.

---

ಬಿಸಿಲೆ ತಿರುವು ಬರೆದದ್ದು:

ಎಲ್ಲರಿಗೂ ಧನ್ಯವಾದ, ಮೇ ತಿಂಗಳಿಗೇ ಗೊತ್ತುಮಾಡ್ತೀವಿ. ಒಂದೇ ಅನುಮಾನ. ಮುಖ್ಯ ಶಿಕ್ಷಕರು ಎರಡು ಸಂಪುಟ ತೆಗೆದು ತೋರಿಸಿದರು. ಎಷ್ಟೋ ಹೆಸರಿನ ಮುಂದೆ ಬಿಟ್ಟ ದಿನಾಂಕವೇ ಇಲ್ಲ, ಟಿ.ಸಿ. ಒಯ್ದಿಲ್ಲ. ಅವರನ್ನ ಪಟ್ಟಿಯಲ್ಲಿ ಎಲ್ಲಿ ಹಾಕೋದು?

---

ದಾಖಲಾತಿ ಪುಸ್ತಕ ಬರೆದದ್ದು:

ಮಕ್ಕಳ ಹಾಜರಿ ಪುಸ್ತಕ ಉಳಿದಿದೆಯಾ ನೋಡಿ. ಇದ್ದರೆ ಹೆಸರಿನ ಸಾಲಲ್ಲಿ ಸತತ ಗೈರು ಬಿದ್ದು, ಆಮೇಲೆ ಕೆಂಪು ಇಂಕಲ್ಲಿ ಹೆಸರು ಹೊಡೆದ ತಿಂಗಳು ಸಿಗುತ್ತೆ, ಅದೇ ಬಿಟ್ಟ ತಿಂಗಳು. ಜುಲೈ, ಆಗಸ್ಟಿನ ಗೈರಾದರೆ ಮಾತ್ರ ಮುಂದಿನ ಎರಡು ತಿಂಗಳನ್ನೂ ನೋಡಿ, ಹಳ್ಳ ಇಳಿದ ಮೇಲೆ ಎಷ್ಟೋ ಮಕ್ಕಳು ಮತ್ತೆ ಬಂದಿರ್ತಾರೆ. ಹಾಜರಿ ಪುಸ್ತಕ ಇಲ್ಲದಿದ್ದರೆ ಸೇರಿದ ವರ್ಷ ಬರೆದು ಮುಂದೆ ಒಂದು ಗೆರೆ ಎಳೆಯಿರಿ. ಎಂಟನೇ ಕ್ಲಾಸಿಗೆ ಸೇರಿದ್ದರೆ ಮೂರನೇ ಮಾರ್ಚಿನ ಬ್ಯಾಚು, ಒಂಬತ್ತಕ್ಕೆ ಸೇರಿದ್ದರೆ ಎರಡನೇದು. ಹೆಸರಿನ ಮುಂದೆ 'ಅರ್ಧಕ್ಕೆ ಬಿಟ್ಟವರು' ಅಂತ ಮಾತ್ರ ಅಚ್ಚು ಹಾಕಬೇಡಿ.